ದಶಮಾಂಶ ಸಂಖ್ಯೆಗಳ ಗ್ರಹಣಕ್ರಮ

0.25 ಮತ್ತು 0.7, ಇವೆರಡರಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ಲೆಕ್ಕ ಬಲ್ಲ ವಯಸ್ಕರು ಎರಡನೆಯದೆಂದೇ ಹೇಳುವರು. ಆದರೆ ಆ ಉತ್ತರವು ಮನಸ್ಸಿನಲ್ಲಿ ಯಾವ ಮಾರ್ಗವಾಗಿ ಹುಟ್ಟುವುದೆಂಬುದು ವಿವಾದಾಸ್ಪದವಾದ ವಿಷಯವು. ಸಂಖ್ಯೆಯ ಒಟ್ಟು ಪರಿಮಾಣವೇ ಒಮ್ಮೆಗೆ ತೋರುವುದೆಂದು ಕೆಲವರ ಮತ. ಅಂಕಗಳು ಬಿಡಿಬಿಡಿಯಾಗಿ ಗ್ರಹಿಸಲ್ಪಡುವುವೆಂದು ಮತ್ತೆ ಕೆಲವರ ಮತ.

ಮೊದಲನೆಯ ಪಕ್ಷಕ್ಕೆ ಬಲವಾಗಿ ನಿಂತಿರುವುದು ಮೆಲಿಸ್ಸಾ ಡಿವುಲ್ಫ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಗಳು. ಭಿನ್ನರಾಶಿಗಳನ್ನು ಹೋಲಿಸುವುದಕ್ಕೆ ವಯಸ್ಕರಿಗೆ ಬಹಳ ಹೊತ್ತು ಹಿಡಿಯಿತು; ದಶಮಾಂಶಗಳನ್ನಾದರೋ ಪೂರ್ಣಾಂಕಗಳಂತೆಯೇ ಬೇಗನೆ ಹೋಲಿಸಿದರು. ಈ ಫಲವು ನಿಸ್ಸಂದೇಹವಾಗಿ ಬೆಲೆಯುಳ್ಳದ್ದು. ಆದರೆ ಇದರಿಂದ ದಶಮಾಂಶದ ಪರಿಮಾಣವು ನೇರವಾಗಿ ಮನಸ್ಸಿಗೆ ಹೊಳೆಯುತ್ತದೆಂದು ನಿರ್ಣಯಿಸುವುದು ಅವಸರವಾದೀತು. ಅಂಕಗಳ ಎಣಿಕೆ ಎರಡು ಕಡೆಯೂ ಸಮವಾಗಿದ್ದರೆ ಬಿಂದುವನ್ನು ಮರೆತರೂ ಉತ್ತರವು ಕೆಡುವುದಿಲ್ಲ: 0.206 ಮತ್ತು 0.431 ಎಂಬುವು ಆಗ 206 ಮತ್ತು 431 ಮಾತ್ರ. ಅಲ್ಲಿ ಕಾಣುವ ವೇಗವು ಪೂರ್ಣಾಂಕದ ಹಳೆಯ ಅಭ್ಯಾಸದ ವೇಗವೇ ಆಗಿರಬಹುದು. ನಿಜವಾದ ಒರೆಗಲ್ಲು ಅಂಕಗಳು ಏರುಪೇರಾದ ಜೋಡಿಯೇ.

ಅಮೆರಿಕ, ಫ್ರಾನ್ಸ್, ಇಸ್ರೇಲುಗಳ ಮಕ್ಕಳನ್ನು ಕುರಿತು ಲಾರೆನ್ ರೆಸ್ನಿಕ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ಬರೆದ ಲೇಖನವು ಈ ಸಂದರ್ಭದಲ್ಲಿ ಸ್ಮರಣೀಯವಾದುದು. ಅಂಕ ಹೆಚ್ಚಿದ್ದರೆ ಸಂಖ್ಯೆ ದೊಡ್ಡದೆಂದು ಕೆಲವು ಮಕ್ಕಳೂ, ಚಿಕ್ಕದೆಂದು ಮತ್ತೆ ಕೆಲವರೂ ನಂಬಿದ್ದರು. ವಯಸ್ಕರಲ್ಲಿ ಈ ತಪ್ಪು ವಿರಳ. ಆದರೂ ತಪ್ಪು ಮಾಡದಿರುವುದು ಬೇರೆ, ಅದರ ಸೆಳೆತವೇ ಅಳಿದುಹೋಗುವುದು ಬೇರೆ. 2013ರಲ್ಲಿ ಸಶಾಂಕ್ ವರ್ಮಾ ಮತ್ತು ಸ್ಟೇಸಿ ಕಾರ್ಲ್ ಅವರು ಅಂಕಗಳು ಪ್ರತ್ಯೇಕವಾಗಿಯೂ ಏಕಕಾಲದಲ್ಲಿಯೂ ಗ್ರಹಿಸಲ್ಪಡುವುವೆಂದೂ, ಸೊನ್ನೆಗೆ ಅಲ್ಲಿ ವಿಶೇಷ ಸ್ಥಾನವಿದೆಯೆಂದೂ ವಾದಿಸಿದುದು ಈ ದೃಷ್ಟಿಯಿಂದ ಹೆಚ್ಚು ಯುಕ್ತವಾಗಿ ತೋರುತ್ತದೆ.

ಎರಡು ಪಕ್ಷದವರೂ ಸಾಕಷ್ಟು ಗಮನಿಸದ ಸಂಗತಿಯೊಂದುಂಟು. ಅದು ಓದುವ ರೀತಿ. ಕನ್ನಡದಲ್ಲಿ 3.25 ಎಂಬುದನ್ನು "ಮೂರು ಬಿಂದು ಎರಡು ಐದು" ಎಂದು ಓದುವುದು ಶಾಲೆಯ ಕ್ರಮ. "ಮೂರು ಪಾಯಿಂಟ್ ಇಪ್ಪತ್ತೈದು" ಎಂಬುದು ರೂಢಿಯ ಮಾತು. ರೂಢಿಯಲ್ಲಿ ಇಪ್ಪತ್ತೈದೆಂಬ ಪೂರ್ಣಾಂಕವೇ ಕಿವಿಗೆ ಬೀಳುವುದರಿಂದ ಏಳಕ್ಕಿಂತ ಅದು ದೊಡ್ಡದಾಗಿ ಕೇಳಿಸುವುದು ಸಹಜ. ಹಣದ ಲೆಕ್ಕದಲ್ಲಿ ಇದರಿಂದ ಹಾನಿಯಿಲ್ಲ. 1957ನೆಯ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾದ ಮೇಲೆ ಬಿಂದುವಿನ ಮುಂದೆ ಎರಡೇ ಸ್ಥಾನಗಳನ್ನು ಬರೆಯುವುದು ವಾಡಿಕೆ. ಅಂಗಡಿಯ ತಕ್ಕಡಿಯಲ್ಲಿ 0.250 ಎಂದು ಕಂಡವರು ದಶಮಾಂಶವನ್ನು ಓದುವುದೇ ಇಲ್ಲ, "ಕಾಲು ಕಿಲೋ" ಎನ್ನುತ್ತಾರೆ. ಕ್ರಿಕೆಟ್ಟಿನ 4.3 ಓವರಂತೂ ದಶಮಾಂಶವೇ ಅಲ್ಲ, ನಾಲ್ಕೂವರೆ! ಒಂದೇ ಬಿಂದುವಿಗೆ ಇಷ್ಟು ಅರ್ಥಗಳನ್ನು ಕೊಟ್ಟು ಬಳಸುವ ಮನಸ್ಸಿನಲ್ಲಿ ಎಲ್ಲ ದಶಮಾಂಶಗಳಿಗೂ ಒಂದೇ ಗ್ರಹಣಮಾರ್ಗವಿದೆಯೆಂದು ಪರದೆಯ ಮೇಲಣ ಅಂಕಗಳಿಂದಷ್ಟೇ ಹೇಗೆ ತಿಳಿಯುವುದು? ಬರೆದುದನ್ನು ನೋಡಿದಾಗಲೂ ಓದಿದುದನ್ನು ಕೇಳಿದಾಗಲೂ ಹಿಡಿಯುವ ಕಾಲವನ್ನು ಬೇರೆಬೇರೆಯಾಗಿ ಅಳೆಯಬೇಕು.

ಇದು ಕೇವಲ ಪಂಡಿತರ ಜಿಜ್ಞಾಸೆಯಲ್ಲ. ಔಷಧದ ಪ್ರಮಾಣವನ್ನು ಬರೆಯುವಾಗ ಬಿಂದುವಿನ ಹಿಂದೆ ಸೊನ್ನೆಯನ್ನು ಬಿಡಬಾರದು, ಪೂರ್ಣಾಂಕದ ಮುಂದೆ ಬಿಂದುವನ್ನೂ ಸೊನ್ನೆಯನ್ನೂ ಸೇರಿಸಬಾರದು ಎಂಬ ನಿಯಮವನ್ನು ವೈದ್ಯಕೀಯ ಸುರಕ್ಷತೆಯ ಸಂಸ್ಥೆಗಳು ವಿಧಿಸಿವೆ. .5 ಎಂಬುದನ್ನು 5 ಎಂದೂ, 5.0 ಎಂಬುದನ್ನು 50 ಎಂದೂ ಓದಿ ಹತ್ತರಷ್ಟು ಔಷಧವನ್ನು ಕೊಟ್ಟವರು ಮಕ್ಕಳಲ್ಲ, ದಶಮಾಂಶವನ್ನು ಚೆನ್ನಾಗಿ ಕಲಿತ ವಯಸ್ಕರು.