ಕಲಂಗುಟ್: ಎರಡು ಚಿತ್ರಗಳ ನಡುವೆ ಬಿಟ್ಟುಹೋದವರು

ಹಳೆಯ ಛಾಯಾಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ‘ಅಂದು–ಇಂದು’ ಎಂದು ಹೆಸರಿಸುವ ವಾಡಿಕೆ ಈಗ ಎಲ್ಲ ಊರುಗಳಿಗೂ ಬಂದಿದೆ. ಗೋವೆಯ ಬಾರ್ದೇಸ್ ತಾಲೂಕಿನ ಕಲಂಗುಟ್ ಇದಕ್ಕೆ ಒಳ್ಳೆಯ ಉದಾಹರಣೆ. ಎಡಕ್ಕೆ ತೆಂಗಿನ ಸಾಲು, ಮರಳಿಗೆ ಎಳೆದಿಟ್ಟ ದೋಣಿ, ಖಾಲಿ ಕಡಲತೀರ. ಬಲಕ್ಕೆ ಹೋಟೆಲು, ಬಣ್ಣದ ಕೊಡೆ, ಜನಜಂಗುಳಿ. ನೋಡಿದವರು ‘ಎಲ್ಲ ಹೋಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಈ ನಿಟ್ಟುಸಿರನ್ನೇ ಸ್ವಲ್ಪ ಪರೀಕ್ಷಿಸಬೇಕಾಗಿದೆ.

ಮೊದಲನೆಯದು ಕಾಲದ ಪ್ರಶ್ನೆ. ಕಲಂಗುಟ್‌ನ ಮರಳಿನ ಮೇಲಿನ ಚಪ್ಪರದ ಹೋಟೆಲುಗಳನ್ನು ಮಳೆಗಾಲಕ್ಕೆ ಮುನ್ನ ಬಿಚ್ಚಿ, ಮಳೆ ಕಳೆದ ಮೇಲೆ ಮತ್ತೆ ಕಟ್ಟುತ್ತಾರೆ. ಇಂದಿನ ಜುಲೈಯಲ್ಲಿ ಕಡಲಿಗೆ ಮುಖಮಾಡಿ ತೆಗೆದ ಚಿತ್ರ ಅಂದಿನದರಷ್ಟೇ ಖಾಲಿಯಾಗಿ ಕಾಣಬಹುದು. ತಿಂಗಳು ತಿಳಿಯದೆ ಹೋಲಿಸಿದರೆ ನಾವು ಕಾಣುವುದು ಊರಿನ ಬದಲಾವಣೆಯನ್ನಲ್ಲ, ಮಳೆ–ಬಿಸಿಲಿನ ವ್ಯತ್ಯಾಸವನ್ನು. ಕೆಲವೊಮ್ಮೆ ಚಿತ್ರವೇ ತನ್ನ ವರ್ಷವನ್ನು ಹೇಳುವುದುಂಟು. ನೆರೆಯ ಕಾಂದೋಳಿಯ ಬಳಿ 2000ದ ಜೂನ್‌ನಲ್ಲಿ ಮರಳಿಗೆ ಸಿಕ್ಕಿಕೊಂಡ ‘ರಿವರ್ ಪ್ರಿನ್ಸೆಸ್’ ಹಡಗನ್ನು ಪೂರ್ತಿ ತೆಗೆದದ್ದು 2012ರ ಹೊತ್ತಿಗೆ. ಅದು ಕಂಡರೆ ಚಿತ್ರ ಆ ನಡುವಿನದು.

ಎರಡನೆಯದು, ಬದಲಾಗದೆ ಕಾಣುವ ವಸ್ತುಗಳ ಮೋಸ. 1741ರಲ್ಲಿ ಮತ್ತೆ ಕಟ್ಟಿದ ಸಂತ ಅಲೆಕ್ಸ್ ಇಗರ್ಜಿ ಎರಡೂ ಚಿತ್ರಗಳಲ್ಲಿ ಒಂದೇ ಥರ ನಿಂತಿರುತ್ತದೆ. 19ನೆಯ ಶತಮಾನದ ಕೊನೆಗೆ ಗೋವೆಯಲ್ಲಿ ಕೆಲಸ ಮಾಡಿದ ಸೋಜ ಮತ್ತು ಪೌಲ್ ಸ್ಟುಡಿಯೊದಂತಹವರ ಕ್ಯಾಮರಾ ಒಲಿದದ್ದು ಹೆಚ್ಚಾಗಿ ಇಂತಹ ಕಟ್ಟಡಗಳಿಗೆ. ಬಡವನ ಗುಡಿಸಲಿಗೆ ‘ಅಂದು’ ಎಂಬ ಚಿತ್ರವೇ ಇಲ್ಲವಾದ್ದರಿಂದ ಅದು ಹೋಲಿಕೆಯ ಲೆಕ್ಕಕ್ಕೇ ಬರುವುದಿಲ್ಲ.

ಆ ಖಾಲಿ ತೀರದ ದೋಣಿಯನ್ನೇ ನೋಡಿ. ನಮ್ಮ ಕರಾವಳಿಯ ರಂಪಣಿಯಂತೆ ಅಲ್ಲಿಯೂ ಹತ್ತಾರು ಜನ ಕೂಡಿ ಎಳೆಯುವ ಬಲೆಯ ಮೀನುಗಾರಿಕೆ ಇತ್ತು. ಟ್ರಾಲರುಗಳು ಬಂದಾಗ, 1970ರ ದಶಕದಲ್ಲಿ, ಆ ಬಲೆಯವರು ದೊಡ್ಡ ಚಳವಳಿಯನ್ನೇ ಹೂಡಿದರು. 1980ರಲ್ಲಿ ಗೋವೆಗೆ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯಿದೆ ಬಂತು. ಅಂದವಾಗಿ ಕಾಣುವ ದೋಣಿಯ ಹಿಂದಿನ ಈ ಹೊಟ್ಟೆಪಾಡಿನ ಜಗಳ ಚಿತ್ರಕ್ಕೆ ದಕ್ಕುವುದಿಲ್ಲ. ‘ಶಾಂತ’ ಎಂಬ ಮಾತು ನೋಡುವವನದು, ಬಲೆ ಎಳೆದವನದಲ್ಲ.

ಇನ್ನು ‘ಇಂದು’ ಎಂಬ ಚಿತ್ರ. ಕಲಂಗುಟ್–ಬಾಗಾ ತೀರದಲ್ಲಿ ಕನ್ನಡಿ ಹೊಲಿದ ಬಟ್ಟೆ, ಮಣಿಸರ ಮಾರುತ್ತ ನಡೆಯುವ ಲಂಬಾಣಿ ಹೆಂಗಸರಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದ ತಾಂಡಾಗಳಿಂದ ದುಡಿಮೆಗೆ ಹೋದವರು. ಅವರ ತಿರುಗಾಟದ ವ್ಯಾಪಾರಕ್ಕೆ ಸರಕಾರದ ಕಡಿವಾಣವೂ ಉಂಟು. ಪ್ರವಾಸಿಯ ಚಿತ್ರದಲ್ಲಿ ಅವರು ಬಣ್ಣ. ‘ಹಳೆಯ ಸೊಗಸು ಕೆಟ್ಟಿತು’ ಎನ್ನುವವರ ಚಿತ್ರದಲ್ಲಿ ಅವರು ಗದ್ದಲ. ಈ ಊರಿನ ಇತ್ತೀಚಿನ ದಶಕಗಳ ಚರಿತ್ರೆಯಲ್ಲಿ ಪಾಲುದಾರರೆಂದು ಅವರನ್ನು ನೋಡುವ ಚಿತ್ರ ವಿರಳ.

ಇದು ನಮಗೆ ದೂರದ ಮಾತಲ್ಲ. ಕೆಳದಿಯ ಅರಸರ ಹೆಸರಿನೊಂದಿಗೆ ಬೆಸೆದುಕೊಂಡ ಬೇಕಲ ಕೋಟೆ 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿತವಾದ ಜಾಗ. 1995ರ ‘ಬಾಂಬೆ’ ಚಲನಚಿತ್ರದಿಂದ ಅದರ ಬುರುಜು ದೇಶಕ್ಕೆಲ್ಲ ಪರಿಚಯವಾಯಿತು. ನಾಳೆ ಬೇಕಲದ ‘ಅಂದು–ಇಂದು’ ಬಂದಾಗ ಕೋಟೆ ಹೇಗೂ ಇರುತ್ತದೆ. ಅದರ ಸುತ್ತಿನ ಮೊಗೇರರು, ಬೀಡಿ ಕಟ್ಟಿದವರು, ಕನ್ನಡ ಶಾಲೆಗೆ ನಡೆದ ಮಕ್ಕಳು ಇರುತ್ತಾರೆಯೇ? 1956ರ ನಂತರ ಫಲಕಗಳ ಭಾಷೆ ಬದಲಾದುದನ್ನು ಕಂಡ ನಮಗೆ ಈ ಪ್ರಶ್ನೆಯ ತೂಕ ಬೇಗ ತಿಳಿಯಬೇಕು.

ಆದುದರಿಂದ ಮನೆಯ ಆಲ್ಬಮ್ಮಿನ ಪ್ರತಿ ಚಿತ್ರದ ಬೆನ್ನಿಗೂ ವರ್ಷ, ತಿಂಗಳು, ನಿಂತ ಜಾಗ, ನಿಂತವರ ಹೆಸರು ಬರೆದಿಡೋಣ. ಬಲ್ಲ ಹಿರಿಯರು ಇರುವಾಗಲೇ ಬರೆದಿಡೋಣ. ಹೆಸರಿಲ್ಲದ ಚಿತ್ರ ಬೇಗನೆ ಬೇರೆಯವರ ಅಲಂಕಾರವಾಗುತ್ತದೆ.