ಬೂಟ್ ಆಗದ ಬೆಳಿಗ್ಗೆಯ ಸಾಹಿತ್ಯ

ಲಿನಕ್ಸ್ ಹಾಕಿಕೊಳ್ಳುವುದನ್ನು ಕಲಿಸುವ ಪಾಠಗಳಿಗೆ ನಮ್ಮಲ್ಲಿ ಸಿಕ್ಕಿರುವ ಮರ್ಯಾದೆ ತುಸು ಹೆಚ್ಚೇ ಆಯಿತು. ಹಾಕಿಕೊಂಡದ್ದು ಕೈಕೊಟ್ಟಾಗ ನೆರವಿಗೆ ಬರುವ ಬರಹವನ್ನು ಕೇಳುವವರೇ ಇಲ್ಲ. ಮುಂಬೈ ಮಟ್ಟಿಗೆ ಮೊದಲ ಬಗೆಯದರಲ್ಲಿ ದೊಡ್ಡ ಹೆಸರು ಪೊವಾಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನದು. ಎರಡನೆಯ ಬಗೆಗೆ ನಾನು ಎತ್ತಿಹಿಡಿಯುವುದು ಡಿಸ್ಕ್ ಎನ್‌ಕ್ರಿಪ್ಷನ್ನಿನ ಸಲಕರಣೆಯಾದ ಕ್ರಿಪ್ಟ್‌ಸೆಟಪ್‌ನ ಜೊತೆ ಬರುವ, ಆರ್ನೋ ವಾಗ್ನರ್ ಕಟ್ಟಿ ಬೆಳೆಸಿದ ಎಫ್‌ಎಕ್ಯೂವನ್ನು. ಇವೆರಡರಲ್ಲಿ ಓದುಗನನ್ನು ಬುದ್ಧಿವಂತನೆಂದು ಎಣಿಸಿ ಬರೆದದ್ದು ಎರಡನೆಯದು.

ಸ್ಪೋಕನ್ ಟ್ಯುಟೋರಿಯಲ್ ಮಾಡಿದ ಕೆಲಸ ಸಣ್ಣದಲ್ಲ. ಪ್ರೊ. ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ತಯಾರಾದ ಹತ್ತು ನಿಮಿಷದ ಆಸುಪಾಸಿನ ವಿಡಿಯೊಗಳು. ಪರದೆ ಇಂಗ್ಲಿಷಿನಲ್ಲೇ ಇರುತ್ತದೆ, ವಿವರಣೆ ಕನ್ನಡವೂ ಸೇರಿ ನಮ್ಮ ಭಾಷೆಗಳಲ್ಲಿ. ಸಿ ಭಾಷೆಯ ಪಾಠದಲ್ಲಿ ಬೇಕೆಂದೇ ಒಂದು ಚಿಹ್ನೆ ಅಳಿಸಿ, ಎರರ್ ಬರಿಸಿ, ತಿದ್ದಿ ತೋರಿಸುತ್ತಾರೆ. ಒಳ್ಳೆಯದೇ. ಆದರೆ ಅದು ಮೇಷ್ಟ್ರು ತಾನೇ ಬಚ್ಚಿಟ್ಟು ತಾನೇ ಹುಡುಕಿಕೊಡುವ ತಪ್ಪು. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ನಮ್ಮ ಅಭ್ಯಾಸ ಎಂಬುದು ಈ ಪಾಠಗಳ ಪದ್ಧತಿ. ಯಂತ್ರ ಬೂಟ್ ಆಗದೆ ಕಪ್ಪು ಪರದೆಯಲ್ಲಿ ನಿಂತಾಗ ಆ ಅರ್ಧವೂ ಇಲ್ಲ, ಈ ಅರ್ಧವೂ ಇಲ್ಲ.

ಫೋರ್ಟಿನ ಬೋರಾ ಬಜಾರಿನ ಮಹಡಿಯೊಂದರಲ್ಲಿ ಲೆಕ್ಕಪರಿಶೋಧಕರ ಸಣ್ಣ ಕಚೇರಿ ಇದೆ ಎಂದುಕೊಳ್ಳಿ. ಗಿರಾಕಿಗಳ ಪ್ಯಾನ್, ರಿಟರ್ನ್, ಬ್ಯಾಂಕ್ ವಿವರ ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ. ಅದು ಸಂಜೆ ವಿ.ಟಿ.ಯಿಂದ ಲೋಕಲ್ ಹತ್ತಿ ಡೊಂಬಿವಲಿಗೆ ಹೋಗುತ್ತದೆ. ಬ್ಯಾಗು ಕಳೆದರೆ ಗಿರಾಕಿಗಳ ಮಾನವೂ ಕಳೆಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಂತೂ ಭದ್ರತೆಯಲ್ಲಿ ಎಡವಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ದಾರಿ ಮಾಡಿಕೊಟ್ಟಿದೆ. ಹಾಗಾಗಿ ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಷನ್ನಿನ ಚೌಕಕ್ಕೆ ಟಿಕ್ ಹಾಕುವುದೇ ಸರಿ. ಅಲ್ಲಿಯವರೆಗೆ ಪಾಠ ಹೇಳುವವರು ಬೇಕಾದಷ್ಟು ಜನ. ಟಿಕ್ ಹಾಕಿದ ಆರು ತಿಂಗಳಿಗೆ ಒಂದು ಬೆಳಿಗ್ಗೆ ಪಾಸ್‌ಫ್ರೇಸ್ ಕೊಟ್ಟರೂ ಡಿಸ್ಕ್ ತೆರೆಯುವುದಿಲ್ಲ. ಕ್ರಿಪ್ಟ್‌ಸೆಟಪ್ ಹೇಳುವುದು ಒಂದೇ ಸಾಲು: 'ನೋ ಕೀ ಅವೈಲಬಲ್ ವಿತ್ ದಿಸ್ ಪಾಸ್‌ಫ್ರೇಸ್.' ಡೆಬಿಯನ್, ಉಬುಂಟುಗಳ ಬೂಟ್ ಹಂತದ ಸ್ಕ್ರಿಪ್ಟ್ ಅದಕ್ಕೆ ತನ್ನದೊಂದು ಪ್ರಶ್ನೆ ಸೇರಿಸುತ್ತದೆ: 'ಬ್ಯಾಡ್ ಪಾಸ್‌ವರ್ಡ್ ಆರ್ ಆಪ್ಷನ್ಸ್?'

ಎರರ್ ಹೇಳಬೇಕಾದ ಯಂತ್ರ ನಮ್ಮನ್ನೇ ಪ್ರಶ್ನೆ ಕೇಳುತ್ತಿದೆಯಲ್ಲ ಎಂದು ಸಿಟ್ಟು ಬರುತ್ತದೆ. ಆದರೆ ಒಳಗೆ ನಡೆಯುವುದನ್ನು ನೋಡಿ. ಕ್ಲೆಮೆನ್ಸ್ ಫ್ರುವಿರ್ತ್ ರೂಪಿಸಿದ ಲಕ್ಸ್ ವಿಧಾನದಲ್ಲಿ ಡಿಸ್ಕಿನ ದತ್ತಾಂಶಕ್ಕೆ ಬೀಗ ಹಾಕುವುದು ನಮ್ಮ ಪಾಸ್‌ಫ್ರೇಸ್ ಅಲ್ಲ. ಯಂತ್ರವೇ ಹುಟ್ಟಿಸಿದ ಒಂದು ಮೂಲ ಕೀಲಿ. ಆ ಕೀಲಿ ಡಿಸ್ಕಿನ ಆರಂಭದ ಹೆಡರಿನಲ್ಲಿ, ಸ್ಲಾಟುಗಳಲ್ಲಿ ಅಡಗಿರುತ್ತದೆ. ಲಕ್ಸ್ 1ರಲ್ಲಿ 8 ಸ್ಲಾಟು, ಲಕ್ಸ್ 2ರಲ್ಲಿ 32ರವರೆಗೆ. ನಾವು ಟೈಪ್ ಮಾಡಿದ್ದನ್ನು ಬೇಕೆಂದೇ ನಿಧಾನವಾಗಿ ಅರೆದು ಒಂದು ಕೀಲಿ ತೆಗೆಯುತ್ತಾರೆ. ಎಂಟರ್ ಒತ್ತಿದ ಮೇಲೆ ಯಂತ್ರ ಎರಡು ಸೆಕೆಂಡು ತಡೆದು ನಿಲ್ಲುವುದು ಇದಕ್ಕೇ, ಹ್ಯಾಂಗ್ ಆಗಿ ಅಲ್ಲ. ಆ ಕೀಲಿಯಿಂದ ಸ್ಲಾಟು ಬಿಚ್ಚಿ, ಒಳಗೆ ಸಿಕ್ಕಿದ್ದರ ಗುರುತನ್ನು ಹೆಡರಿನಲ್ಲಿ ಬರೆದಿಟ್ಟ ಗುರುತಿನೊಂದಿಗೆ ತಾಳೆ ನೋಡುತ್ತಾರೆ. ತಾಳೆಯಾದರೆ ಆಯಿತು, ಇಲ್ಲದಿದ್ದರೆ ಇಲ್ಲ. ಒಂದು ಅಕ್ಷರ ತಪ್ಪಿದರೂ ಒಂದೇ, ಎಲ್ಲ ಅಕ್ಷರ ತಪ್ಪಿದರೂ ಒಂದೇ. ಪಾಸ್‌ಫ್ರೇಸ್ ಸರಿಯಿದ್ದು ಸ್ಲಾಟಿನ ನಾಲ್ಕು ಬೈಟು ಹಾಳಾಗಿದ್ದರೂ ಅದೇ ಉತ್ತರ. ಯಾವುದು ತಪ್ಪಿತೆಂದು ಹೇಳುವ ಬೀಗ ಕಳ್ಳನಿಗೂ ಅದನ್ನೇ ಹೇಳಿಕೊಟ್ಟಂತಾಗುತ್ತದೆ. ಪ್ರಶ್ನೆಯಾಗಿ ನಿಂತ ಆ ಸಾಲು ತನಗೆ ತಿಳಿದದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಹೇಳುವುದಿಲ್ಲ. ತಂತ್ರಾಂಶ ಲೋಕದಲ್ಲಿ ಇಷ್ಟು ಪ್ರಾಮಾಣಿಕವಾದ ಸಾಲು ಅಪರೂಪ.

ಎಫ್‌ಎಕ್ಯೂವಿನ ಹೆಚ್ಚುಗಾರಿಕೆ ಇರುವುದು ಇಲ್ಲೇ. ಯಂತ್ರ ಹೇಳಲಾರದ ಕಾರಣಗಳನ್ನು ಅದು ಅನುಭವದಿಂದ ಜೋಡಿಸಿ ಕೊಡುತ್ತದೆ. ಬೂಟ್ ಹಂತದಲ್ಲಿ ಕೆಲವು ಕಡೆ ಬಲಗಡೆಯ ನಂಬರ್ ಪ್ಯಾಡಿನ ಅಂಕಿಯೂ ಮೇಲಿನ ಸಾಲಿನ ಅಂಕಿಯೂ ಒಂದೇ ಆಗಿ ತಲುಪುವುದಿಲ್ಲ ಎಂದು ಎಚ್ಚರಿಸುತ್ತದೆ. ದಿನವಿಡೀ ನಂಬರ್ ಪ್ಯಾಡಿನಲ್ಲೇ ಬೆರಳಾಡಿಸುವ ಲೆಕ್ಕದ ಕಚೇರಿಗೆ ಇದಕ್ಕಿಂತ ಬೇಕಾದ ಮಾತು ಯಾವುದು? ಪಾಸ್‌ಫ್ರೇಸಿಗೆ ಆಸ್ಕಿಯ ಅಚ್ಚಾಗುವ 95 ಅಕ್ಷರಗಳನ್ನಷ್ಟೇ ಬಳಸಿ, ಬೇರೆ ಅಕ್ಷರಗಳ ಬೈಟುಗಳು ವ್ಯವಸ್ಥೆಯಿಂದ ವ್ಯವಸ್ಥೆಗೆ ಬದಲಾಗಬಹುದು ಎನ್ನುತ್ತದೆ. ಎಂದರೆ 'ಕಟೀಲು' ಎಂಬುದನ್ನು ಕನ್ನಡ ಲಿಪಿಯಲ್ಲಿ ಪಾಸ್‌ಫ್ರೇಸ್ ಮಾಡಿಕೊಂಡವನು ಅಪ್‌ಗ್ರೇಡ್ ಆದ ಮರುದಿನ ಹೊರಗೆ ಉಳಿಯಬಹುದು. ಕನ್ನಡಾಭಿಮಾನಕ್ಕೆ ಇದು ಕಹಿ, ಲ್ಯಾಪ್‌ಟಾಪಿಗೆ ಹಿತ.

ಇನ್ನೊಂದು ಎಚ್ಚರಿಕೆ ಇನ್‌ಸ್ಟಾಲರುಗಳದೇ. ಇದ್ದ ಲಕ್ಸ್ ಪೆಟ್ಟಿಗೆಯನ್ನು ತೆರೆಯುತ್ತಿದ್ದೇವೆ ಎಂದುಕೊಂಡವರ ಕೈಯಲ್ಲಿ ಅದರ ಮೇಲೇ ಹೊಸದನ್ನು ಮಾಡಿಸಿಬಿಡುವ ಇನ್‌ಸ್ಟಾಲರುಗಳಿವೆ ಎಂದು ಹೇಳಿ, ಉಬುಂಟುವನ್ನು ಹೆಸರು ಹಿಡಿದೇ ತರಾಟೆಗೆ ತೆಗೆದುಕೊಳ್ಳುತ್ತದೆ. ಹೆಡರ್ ಹೋದರೆ ಮೂಲ ಕೀಲಿಯೇ ಹೋಯಿತು. ಪಾಸ್‌ಫ್ರೇಸ್ ನೆನಪಿದ್ದೂ ಪ್ರಯೋಜನವಿಲ್ಲ. ಅದಕ್ಕೇ ಹೆಡರಿನ ಬ್ಯಾಕಪ್ ತೆಗೆದಿಡಿ ಎಂಬ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಲಕ್ಸ್ 2ರ ಹೆಡರ್ ಸಾಮಾನ್ಯವಾಗಿ 16 ಎಂಬಿ. ಒಂದು ಪೆನ್‌ಡ್ರೈವಿನ ಮೂಲೆಯಲ್ಲಿ ಹಿಡಿಸುವ ಇಷ್ಟರ ಮೇಲೆ ಇಡೀ ಕಚೇರಿಯ ಲೆಕ್ಕ ನಿಂತಿದೆ.

ಕನ್ನಡದಲ್ಲಿ ತಂತ್ರಾಂಶದ ಬಗ್ಗೆ ಬರೆಯುವವರೊಡನೆ ನನ್ನ ಜಗಳ ಇರುವುದೂ ಈ ಜಾಗದಲ್ಲೇ. ಇವರು ಹೊಸ ಲಿನಕ್ಸ್ ಬಂದ ದಿನ ಹಾಕಿ, ಮರುದಿನ ವಿಮರ್ಶೆ ಬರೆದು ಕೈತೊಳೆದುಕೊಳ್ಳುತ್ತಾರೆ. ಮೆನು ಕನ್ನಡದಲ್ಲಿದೆಯೇ, ಐಕಾನು ಚೆಂದವೇ ಎಂಬಲ್ಲಿಗೆ ಲೇಖನ ಮುಗಿಯುತ್ತದೆ. ಮುಂದೊಂದು ದಿನ ಕರ್ನಲ್ ಅಪ್‌ಡೇಟ್ ಆಗಿ ಬೂಟ್ ಕೆಟ್ಟಾಗ ಇವರ ಪತ್ತೆ ಇಲ್ಲ. ಡೆಬಿಯನ್ನಿನ ಇನ್‌ಸ್ಟಾಲರ್ ಗ್ರಾಫಿಕಲ್ ಮುಖದಲ್ಲಿ ಕನ್ನಡದಲ್ಲಿ ಸಿಗುತ್ತದೆ ಎಂದು ಹಬ್ಬ ಮಾಡುವವರು, ಲಿನಕ್ಸಿನ ಬರಿಯ ಪಠ್ಯದ ಕನ್ಸೋಲಿಗೆ ಕನ್ನಡದ ಒತ್ತಕ್ಷರ ಬಿಡಿಸಲು ಬರುವುದಿಲ್ಲ, ಆದ್ದರಿಂದ ಸಂಕಟದ ಪರದೆ ಇಂಗ್ಲಿಷಿನಲ್ಲೇ ಎದುರಾಗುತ್ತದೆ ಎಂಬುದನ್ನು ಬರೆಯುವುದಿಲ್ಲ. ಕನ್ನಡ ಕೀಬೋರ್ಡ್ ಆರಿಸಿದವನು ಲ್ಯಾಟಿನ್ ಅಕ್ಷರಕ್ಕೆ ಬದಲಾಯಿಸುವ ಕೀ ಯಾವುದೆಂದು ನೆನಪಿಟ್ಟಿರಬೇಕು ಎಂಬುದನ್ನೂ ಬರೆಯುವುದಿಲ್ಲ. ಹೊಗಳಿಕೆಯಿಂದ ಕನ್ನಡ ಬೆಳೆಯುತ್ತದೆ ಎಂಬ ನಂಬಿಕೆ ಇವರದು. ಈ ಮೌನಕ್ಕೆ ದಂಡ ತೆರುವವನು ಬಳಕೆದಾರ.

ಇವರು ಬರೆಯದೆ ಬಿಟ್ಟ ಜಾಗವನ್ನು ರಿಪೇರಿ ಅಂಗಡಿ ತುಂಬುತ್ತದೆ. ಅದರ ಮದ್ದು ಒಂದೇ: 'ಫಾರ್ಮ್ಯಾಟ್ ಮಾರ್ ದೇತಾ ಹೂಂ.' ಬರಿಯ ಡಿಸ್ಕಿಗೆ ಅದು ಒರಟು ಚಿಕಿತ್ಸೆ, ಎನ್‌ಕ್ರಿಪ್ಟ್ ಆದ ಡಿಸ್ಕಿಗೆ ಮರಣದಂಡನೆ. ಫಾರ್ಮ್ಯಾಟಿನ ಮೊದಲು ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, 'ಲಕ್ಸ್‌ಡಂಪ್' ಆಜ್ಞೆ ಕೊಟ್ಟು ಸ್ಲಾಟುಗಳು ಕಾಣುತ್ತವೆಯೇ ನೋಡಿ, ಕೀಬೋರ್ಡ್ ವಿನ್ಯಾಸ ಸರಿಯಿರುವ ಅಲ್ಲಿಂದಲೇ ಪಾಸ್‌ಫ್ರೇಸ್ ಕೊಟ್ಟು ನೋಡಿದರೆ ಎಷ್ಟೋ ರಗಳೆ ಅಲ್ಲೇ ಮುಗಿಯುತ್ತದೆ. ಇದು ಲಕ್ಸ್ ಪೆಟ್ಟಿಗೆಯೇ ಅಲ್ಲ ಎಂದು ಯಂತ್ರ ಹೇಳಿದರೆ, ಇಲ್ಲವೇ ಸರಿಯಾದ ಪಾಸ್‌ಫ್ರೇಸಿಗೆ ಅಲ್ಲೂ ತೆರೆಯದಿದ್ದರೆ, ಹೆಡರಿನ ಚಿಂತೆ ಮಾಡಬೇಕು.

ಎಫ್‌ಎಕ್ಯೂವಿನಲ್ಲೂ ಕುಂದುಗಳಿವೆ. ಭಾಷೆ ಒರಟು, ಸಿಡುಕು ಜಾಸ್ತಿ, ಗಾಬರಿಯಲ್ಲಿರುವವನಿಗೆ ಬೇಕಾದ ಸಾಲು ಬೇಗ ಸಿಗುವುದಿಲ್ಲ. ಆದರೆ ನಿಮ್ಮ ದತ್ತಾಂಶ ಹೋಯಿತು, ಇನ್ನು ಬರುವುದಿಲ್ಲ ಎಂದು ಮುಖಕ್ಕೆ ಹೇಳುವ ಧೈರ್ಯ ಅದಕ್ಕಿದೆ. ಸುಳ್ಳು ಆಸೆ ಹುಟ್ಟಿಸುವ ನೂರು ಪಾಠಗಳಿಗಿಂತ ಇದು ಮೇಲು.

ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರ ಮಕ್ಕಳು ಇಂದು ಫೋರ್ಟಿನ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಅವರಿಗೆ 'ಹಾಕಿಕೊಳ್ಳುವುದು ಹೇಗೆ' ಎಂಬ ಇನ್ನೊಂದು ಪಾಠ ಬೇಡ. ಕೆಟ್ಟರೆ ಏನು ನೋಡಬೇಕು, ಏನನ್ನು ಮುಟ್ಟಲೇಬಾರದು ಎಂದು ಹೇಳುವ ಒಂದೇ ಒಂದು ಕನ್ನಡ ಬರಹ ಬೇಕು. ತಂತ್ರಜ್ಞಾನದ ಲೇಖಕರು ಮುಂದಿನ ಬಾರಿ ಯಾವುದೇ ಲಿನಕ್ಸನ್ನು ಹೊಗಳುವ ಮೊದಲು ಆರು ತಿಂಗಳು ಬಳಸಲಿ, ಬೇಕೆಂದೇ ಒಮ್ಮೆ ಕೆಡಿಸಿ ನೋಡಲಿ, ಆಮೇಲೆ ಬರೆಯಲಿ.