ದೋಷೋದಾಹರಣವೂ ಜಸ್ಪಾಲ್ ಭಟ್ಟಿಯವರ ಹಾಸ್ಯವೂ

ಸಂಸ್ಕೃತ ವ್ಯಾಸಂಗ ಮಾಡಿದವರಿಗೆ ಭಟ್ಟಿಯೆಂಬ ಹೆಸರು ಹೊಸದಲ್ಲ. ವಲಭಿಯಲ್ಲಿದ್ದ ಆ ಕವಿಯು ರಾಮಕಥೆಯನ್ನು ಹೇಳುವ ನೆಪದಿಂದ ವ್ಯಾಕರಣದ ರೂಪಗಳನ್ನು ಕಲಿಸಿದನು. ಪಂಜಾಬದಲ್ಲಿ ಜನಿಸಿ, ದೂರದರ್ಶನದ ಮೂಲಕ ದೇಶಕ್ಕೆಲ್ಲ ಪರಿಚಿತರಾದ ಹಾಸ್ಯನಟ ಜಸ್ಪಾಲ್ ಭಟ್ಟಿಯವರಿಗೂ ಆ ಕವಿಗೂ ನಾಮಸಾಮ್ಯವಲ್ಲದೆ ಬೇರೆ ಸಂಬಂಧವಿಲ್ಲ. ಆದರೂ ಇವರು ಮಾಡಿದ ಕಾರ್ಯವು ಒಂದು ವಿಧದಲ್ಲಿ ವೈಯಾಕರಣನ ಕಾರ್ಯವೇ ಸರಿ. ಅಪಶಬ್ದವು ಬಹುಜನರ ಬಾಯಲ್ಲಿ ಬಹುಕಾಲ ನೆಲೆಸಿತೆಂದರೆ ಅದೇ ರೂಢಿಯೆನಿಸುತ್ತದೆ; ಆಮೇಲೆ ಅದನ್ನು ತಪ್ಪೆಂದು ಹೇಳುವವನೇ ಅರಸಿಕನೆನಿಸುತ್ತಾನೆ. ಲೋಕವ್ಯವಹಾರದ ದೋಷಗಳ ಗತಿಯೂ ಇದೇ. ಕನ್ನಡನಾಡಿನಲ್ಲಿ ಲಂಚಕ್ಕೆ ‘ಮಾಮೂಲು’ ಎಂಬ ಹೆಸರು ಬಂದಿರುವುದನ್ನು ನೆನೆದರೆ ಸಾಕು. ಎಂದಿನದು ಎಂಬ ಅರ್ಥದ ಮಾತೇ ತಪ್ಪಿಗೆ ಹೆಸರಾದಮೇಲೆ ತಪ್ಪನ್ನು ತಪ್ಪೆಂದು ಕರೆಯಲು ಬೇರೆ ಮಾತೆಲ್ಲಿದೆ? ಆ ಮಾತನ್ನು ಹುಡುಕಿಕೊಡುವುದೇ ಭಟ್ಟಿಯವರ ಹಾಸ್ಯದ ಪ್ರಯೋಜನವಾಗಿದ್ದಿತು.

ಭಟ್ಟಿಯವರು 1955ನೆಯ ಇಸವಿ ಮಾರ್ಚ್ 3ರಂದು ಅಮೃತಸರದಲ್ಲಿ ಜನಿಸಿದರು. ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ಶಾಸ್ತ್ರವನ್ನು ಅಭ್ಯಸಿಸಿದರು. ‘ನಾನ್‌ಸೆನ್ಸ್ ಕ್ಲಬ್’ ಎಂಬ ಕೂಟವನ್ನು ಕಟ್ಟಿ ಬೀದಿಯಲ್ಲಿ ಪ್ರಹಸನಗಳನ್ನಾಡಿದರು. ‘ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬರೆದರು. ವ್ಯಂಗ್ಯಚಿತ್ರಕಾರನು ನಾಲ್ಕು ಗೆರೆಗಳಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸಬೇಕು. ಆ ಮಿತವ್ಯಯವೇ ಇವರ ನಾಟ್ಯಕ್ಕೂ ಬಂದಿತು. 1980ರ ದಶಕದ ಕೊನೆಯಲ್ಲಿ ದೂರದರ್ಶನದ ಬೆಳಗಿನ ಪ್ರಸಾರದಲ್ಲಿ ‘ಉಲ್ಟಾ ಪುಲ್ಟಾ’ ಎಂಬ ಕಿರುಚಿತ್ರಗಳು ಬಂದವು. ಅವು ಕೆಲವೇ ನಿಮಿಷಗಳವು. ಆದರೆ ಅಷ್ಟರಲ್ಲಿಯೇ ಕಚೇರಿ, ಪೇಟೆ, ಆಸ್ಪತ್ರೆಗಳ ವಿಪರೀತಗಳೆಲ್ಲ ಕಣ್ಣಮುಂದೆ ಸುಳಿಯುತ್ತಿದ್ದವು. ಅನಂತರ 1989ರಲ್ಲಿ ‘ಫ್ಲಾಪ್ ಶೋ’ ಬಂದಿತು. ಅದರ ಪ್ರಕರಣಗಳು ಹತ್ತೇ. ವೆಚ್ಚವೂ ಅಲ್ಪ, ಸಲಕರಣೆಯೂ ಅಲ್ಪ. ಅದರ ಹೆಸರು ಸೋಲು; ಅದು ಪಡೆದುದು ಮಾತ್ರ ಗೆಲವು.

ಹಾಸ್ಯಕ್ಕೆ ವಿಭಾವಗಳಾವುವೆಂಬುದನ್ನು ಭರತಮುನಿಯು ವಿವರಿಸುವಾಗ ವಿಕೃತವೇಷ, ವಿಕೃತಾಲಂಕಾರಗಳಿಂದ ಆರಂಭಿಸಿ ಧಾರ್ಷ್ಟ್ಯ, ಲೌಲ್ಯ, ಕಪಟ, ಅಸತ್ಪ್ರಲಾಪಗಳನ್ನು ಹೇಳಿ, ಕೊನೆಯಲ್ಲಿ ದೋಷೋದಾಹರಣವನ್ನು ಹೇಳಿದ್ದಾನೆ. ಸಾಮಾನ್ಯ ವಿನೋದಕಾರರು ಪಟ್ಟಿಯ ಮೊದಲಲ್ಲಿಯೇ ನಿಂತುಬಿಡುತ್ತಾರೆ. ಬಣ್ಣ ಬಳಿದ ಮೂಗು, ತೊದಲು ಮಾತು, ಎಡವಿ ಬೀಳುವ ಕಾಲು, ಇಷ್ಟರಿಂದ ಅವರಿಗೆ ತೃಪ್ತಿ. ಭಟ್ಟಿಯವರ ವಿಷಯದಲ್ಲಿ ಇದು ವಿಶೇಷ ಗಮನಾರ್ಹವಾಗಿದೆ. ಸರ್ದಾರರನ್ನು ಕುರಿತ ಹಗುರವಾದ ನಗೆಮಾತುಗಳು ಈ ದೇಶದಲ್ಲಿ ಹೇರಳ. ಪೇಟವನ್ನು ಕಂಡೊಡನೆ ನಗಲು ಸಿದ್ಧವಾಗಿದ್ದ ಪ್ರೇಕ್ಷಕರ ಮುಂದೆ ಪೇಟವನ್ನು ಧರಿಸಿಯೇ ನಿಂತು, ಪೇಟದಿಂದ ನಗಿಸದೆ ನಡತೆಯಿಂದ ನಗಿಸಿದುದು ಸಣ್ಣ ಸಾಧನೆಯಲ್ಲ. ವೇಷವನ್ನು ದಾಟಿ ದೋಷಕ್ಕೆ ಹೋದುದರಿಂದಲೇ ಪಂಜಾಬಿಯ ಸೊಗಡಿನ ಹಿಂದಿಯಲ್ಲಿ ಆಡಿದ ಮಾತು ಆ ಸೀಮೆಯನ್ನು ಕಾಣದವರಿಗೂ ತಮ್ಮೂರಿನ ಮಾತಾಗಿ ಕೇಳಿಸಿತು.

‘ಫ್ಲಾಪ್ ಶೋ’ವಿನ ವಸ್ತುಗಳನ್ನು ನೋಡಬಹುದು. ಒಂದರಲ್ಲಿ ಸರ್ಕಾರಿ ನೌಕರರು ಇಲ್ಲದ ರೋಗಕ್ಕೆ ಬಿಲ್ಲು ಬರೆಯಿಸಿ ವೈದ್ಯವೆಚ್ಚವನ್ನು ವಸೂಲು ಮಾಡುತ್ತಾರೆ. ಇನ್ನೊಂದರಲ್ಲಿ ವಿದ್ಯಾಗುರುವು ಸಂಶೋಧನೆಗೆಂದು ಬಂದ ಶಿಷ್ಯನಿಂದ ಮನೆಗೆಲಸ ಮಾಡಿಸಿಕೊಳ್ಳುತ್ತಾನೆ. ಗುತ್ತಿಗೆದಾರರಿಗೂ ಬಿಡುಗಡೆಯಿಲ್ಲ. ಮತ್ತೊಂದರಲ್ಲಿ ದೂರದರ್ಶನದ ಧಾರಾವಾಹಿಯು ಹುಟ್ಟುವ ಬಗೆಯೇ ವಿಡಂಬನಕ್ಕೆ ಗುರಿಯಾಗಿದೆ. ಅದನ್ನು ತೋರಿಸಿದುದೂ ದೂರದರ್ಶನವೇ. ಪ್ರಕರಣದ ಆರಂಭದಲ್ಲಿ, ಅಂದು ಯಾರನ್ನು ಹಾಸ್ಯಮಾಡುವುದೋ ಅವರಿಗೇ ಅದನ್ನು ಗೌರವಪೂರ್ವಕವಾಗಿ ಅರ್ಪಿಸುವ ಪದ್ಧತಿಯಿದ್ದಿತು. ಆಲಂಕಾರಿಕರು ಇದನ್ನು ವ್ಯಾಜಸ್ತುತಿಯೆಂದು ಕರೆಯುವರು. ಹೊರಗೆ ಸ್ತುತಿ, ಒಳಗೆ ನಿಂದೆ. ಕೊನೆಯಲ್ಲಿ ಹಿಂದಿ ಚಿತ್ರಗೀತೆಯೊಂದರ ಧಾಟಿಗೆ ಅಣಕದ ಮಾತುಗಳನ್ನು ಹೊಂದಿಸಿ ಹಾಡುತ್ತಿದ್ದರು. ನಾಂದಿ, ಭರತವಾಕ್ಯಗಳೆರಡೂ ಇಲ್ಲಿ ತಲೆಕೆಳಗಾಗಿ ನಿಂತಿವೆ.

ಅಭಿನಯದ ವಿಷಯ. ತಾನು ನಗುವುದು ಆತ್ಮಸ್ಥ ಹಾಸ್ಯ, ಇತರರನ್ನು ನಗಿಸುವುದು ಪರಸ್ಥ ಹಾಸ್ಯ ಎಂಬ ವಿಭಾಗವು ಪ್ರಸಿದ್ಧವೇ ಆಗಿದೆ. ಭಟ್ಟಿಯವರದು ಕೇವಲ ಪರಸ್ಥ. ಸಹಪಾತ್ರಧಾರಿಗಳಾದ ವಿವೇಕ್ ಶೌಕ್ ಅವರ ಚುರುಕಿಗೂ, ಪತ್ನಿ ಸವಿತಾ ಭಟ್ಟಿಯವರ ಸಹಜತೆಗೂ ನಡುವೆ ಇವರು ಗಂಭೀರಮುಖದಿಂದ, ತಗ್ಗಿದ ದನಿಯಿಂದ, ಘೋರವಾದ ಅನ್ಯಾಯವನ್ನು ದಿನದ ಅಡುಗೆಯ ಮಾತಿನಂತೆ ಆಡಿಬಿಡುತ್ತಿದ್ದರು. ಈ ನಿರ್ವಿಕಾರತೆಯು ಕೇವಲ ಚಮತ್ಕಾರವಲ್ಲ, ಅದೇ ಅರ್ಥ. ರೂಢಿಗೆ ಬಿದ್ದ ಪಾಪಿಗೆ ಮುಖವಿಕಾರವೆಲ್ಲಿಯದು? ಅವನಿಗೆ ಅದು ಪಾಪವೆಂದೇ ತೋರದು. ಅದು ಪ್ರೇಕ್ಷಕನಿಗೆ ತೋರುತ್ತದೆ. ತೋರಿದೊಡನೆ ತುಟಿಯಲ್ಲಿ ಸ್ಮಿತವೂ ಎದೆಯಲ್ಲಿ ಚುಚ್ಚೂ ಒಟ್ಟಿಗೆ ಹುಟ್ಟುತ್ತವೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಬಿಲ್ಲು ಬರೆಸಿದವರೂ ಬರೆದವರೂ ಮನೆಯಲ್ಲಿ ಕುಳಿತು ಈ ಪ್ರಹಸನವನ್ನು ಕಂಡು ನಕ್ಕು, ಮರುದಿನ ಎಂದಿನಂತೆ ಕಚೇರಿಗೆ ಹೋದರಲ್ಲ! ನಗೆಯು ಕೋಪವನ್ನು ಕರಗಿಸಿ, ಸಹನೆಯನ್ನು ಕಲಿಸಿ, ದೋಷಕ್ಕೆ ಉಪಕಾರವನ್ನೇ ಮಾಡಿತಲ್ಲವೇ? ಈ ಆಕ್ಷೇಪವನ್ನು ಅಲ್ಲಗಳೆಯುವುದು ಸುಲಭವಲ್ಲ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ‘ನರ್ಮಮಾಲೆ’ಯನ್ನು ಬರೆದು ಲೆಕ್ಕಿಗರ ಮತ್ತು ಅಧಿಕಾರಿಗಳ ಸುಲಿಗೆಯನ್ನು ಬಯಲಿಗೆಳೆದನು, ಸುಲಿಗೆಯು ಅವನೊಡನೆ ಮುಗಿಯಲಿಲ್ಲ. ಆದರೆ ಕವಿಗೆ ದಂಡಾಧಿಕಾರವಿಲ್ಲ. ಶಿಕ್ಷಿಸುವುದು ಧರ್ಮಾಸನದ ಕೆಲಸ. ದೋಷಕ್ಕೆ ದೋಷವೆಂಬ ಹೆಸರು ಅಳಿಯದಂತೆ ಕಾಪಾಡುವುದು ಹಾಸ್ಯಗಾರನ ಕೆಲಸ. ಅಪಶಬ್ದವನ್ನಾಡುವವರನ್ನು ವೈಯಾಕರಣನು ಸೆರೆಗೆ ಹಾಕಿಸಲಾರನು. ಆದರೆ ಅವನಿಲ್ಲದಿದ್ದರೆ ಸುಶಬ್ದವೊಂದಿತ್ತೆಂಬುದೇ ಮರೆತುಹೋಗುವುದು.

ಗುಣದೊಡನೆ ನ್ಯೂನತೆಯನ್ನೂ ಹೇಳುವುದು ವಿಮರ್ಶೆಗೆ ಉಚಿತ. ಭಟ್ಟಿಯವರ ಪ್ರತಿಭೆಯು ಕಿರಿದರಲ್ಲಿ ಹಿರಿದು. 1999ರ ಪಂಜಾಬಿ ಚಿತ್ರ ‘ಮಾಹೌಲ್ ಠೀಕ್ ಹೈ’ಯನ್ನು ಅವರೇ ನಿರ್ದೇಶಿಸಿ ಪೋಲೀಸರ ವರ್ತನೆಯನ್ನು ವಿಡಂಬಿಸಿದರು, ಅಲ್ಲಿ ಬಿಡಿ ಪ್ರಸಂಗಗಳು ಹೊಳೆಯುವಷ್ಟು ಇಡಿಯ ಕಥೆಯು ಹೊಳೆಯದು. ‘ಫನಾ’ ಮೊದಲಾದ ಹಿಂದಿ ಚಿತ್ರಗಳಲ್ಲಿ ಇತರರು ಬರೆದ ಪಾತ್ರಗಳನ್ನಾಡಿದಾಗ ನಗೆಯುಂಟು, ಮೊನೆಯಿಲ್ಲ. ತಮ್ಮ ಮಾತನ್ನು ತಾವೇ ಬರೆದು ತಾವೇ ಆಡಿದಾಗ ಮಾತ್ರ ಅವರು ಪೂರ್ಣರು. ಚುನಾವಣೆಯ ದಿನಗಳಲ್ಲಿ ‘ಹವಾಲಾ’, ‘ರಿಸೆಷನ್’ ಎಂಬ ಅಣಕದ ಪಕ್ಷಗಳನ್ನು ಸ್ಥಾಪಿಸಿ ಬೀದಿಗಿಳಿದುದು ಆ ಸ್ವಾತಂತ್ರ್ಯದ ಫಲವೇ.

ವಿದ್ಯುತ್ ಶಾಸ್ತ್ರವನ್ನು ಕಲಿತ ಈ ನಟರು ಕಡೆಯಲ್ಲಿ ವಿದ್ಯುತ್ತಿನ ಅಭಾವವನ್ನೇ ವಸ್ತುವಾಗಿಟ್ಟುಕೊಂಡು ‘ಪವರ್ ಕಟ್’ ಎಂಬ ಚಿತ್ರವನ್ನು ಮಾಡಿದರು. ಅದರ ಪ್ರಚಾರಕ್ಕಾಗಿ ಸಂಚರಿಸುತ್ತಿದ್ದಾಗ, 2012ನೆಯ ಇಸವಿ ಅಕ್ಟೋಬರ್ 25ರಂದು, ಜಲಂಧರ ಜಿಲ್ಲೆಯ ಶಾಹಕೋಟದ ಬಳಿ ಕಾರಿನ ಅಪಘಾತದಲ್ಲಿ ತೀರಿಕೊಂಡರು. ಚಿತ್ರವು ಮರುದಿನ ತೆರೆಕಂಡಿತು. 2013ರಲ್ಲಿ ಸರ್ಕಾರವು ಮರಣೋತ್ತರವಾಗಿ ಪದ್ಮಭೂಷಣವನ್ನು ನೀಡಿತು. ಯಾವ ಸರ್ಕಾರಿ ಕಚೇರಿಗಳನ್ನು ಅವರು ಬಾಳೆಲ್ಲ ಅಣಕಿಸಿದರೋ ಅವುಗಳ ಒಡೆಯನಿಂದಲೇ ಬಂದ ಮನ್ನಣೆಯಿದು. ಇದನ್ನು ಅವರು ಯಾವ ಮುಖದಿಂದ ಸ್ವೀಕರಿಸುತ್ತಿದ್ದರೆಂಬುದನ್ನು ಅವರ ಪ್ರೇಕ್ಷಕರು ಊಹಿಸಬಲ್ಲರು.

ಆ ಹತ್ತು ಪ್ರಕರಣಗಳನ್ನು ಇಂದು ನೋಡುವವರಿಗೆ ದೂರವಾಣಿ ಹಳೆಯದಾಗಿ, ಉಡುಪು ಹಳೆಯದಾಗಿ ಕಾಣುವುದು. ದೋಷಗಳು ಮಾತ್ರ ಹಳೆಯವಾಗಿ ಕಾಣವು. ಕಲೆಗೆ ಇದು ಕೀರ್ತಿ, ನಾಡಿಗೆ ಅಲ್ಲ. ಇನ್ನೊಮ್ಮೆ ಯಾರಾದರೂ ಮೇಜಿನ ಆಚೆಯಿಂದ ‘ಮಾಮೂಲು’ ಎಂದಾಗ, ಈಚೆ ನಿಂತವನ ತುಟಿಯಂಚಿನಲ್ಲಿ ಒಂದು ನಗೆ ಸುಳಿದು ಕೈಯು ಜೇಬಿನ ಬಳಿ ಒಂದು ಕ್ಷಣ ತಡೆದರೆ, ಅಷ್ಟೇ ಭಟ್ಟಿಯವರ ಹಾಸ್ಯದ ಫಲಶ್ರುತಿ.